ಹೃದಯದ ರಕ್ತನಾಳ ದಾರಿ ಬದಲಿಸಿದಾಗ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಎದೆನೋವು ಅಂತ ಸಿಟಿ ಆಂಜಿಯೋ ಮಾಡಿಸಿರುತ್ತಾರೆ. ಬ್ಲಾಕ್ ಏನೂ ಇಲ್ಲ ಅಂತ ಗೊತ್ತಾಗಿ ಸಮಾಧಾನವೂ ಆಗಿರುತ್ತದೆ. ಆದರೆ ರಿಪೋರ್ಟಿನ ಕೊನೆಯಲ್ಲಿ ಇನ್ನೊಂದು ಸಾಲು ಇರುತ್ತದೆ: ಬಲ ಕೊರೊನರಿ ನಾಳ ಎಡಗಡೆಯಿಂದ ಹುಟ್ಟಿದೆ, ಎರಡು ದೊಡ್ಡ ನಾಳಗಳ ಮಧ್ಯೆ ಹಾದುಹೋಗಿದೆ. ಹಾಗಂದರೇನು ಅಂತ ಗೂಗಲ್ ಮಾಡಿದರೆ ಕಣ್ಣಿಗೆ ಮೊದಲು ಬೀಳುವುದೇ 'ಹಠಾತ್ ಸಾವು'. ಅಲ್ಲಿಗೆ ಮನೆಮಂದಿಯ ನಿದ್ದೆ ಹೋಯಿತು.

ಇನ್ನೊಂದು ಮನೆಯಲ್ಲಿ ನಡೆಯುವುದೇ ಬೇರೆ. ಹದಿನೈದು ವರ್ಷದ ಹುಡುಗ ಕಬಡ್ಡಿ ಆಡುತ್ತಾ ಕುಸಿದು ಬಿದ್ದಿರುತ್ತಾನೆ. ಎರಡು ನಿಮಿಷಕ್ಕೆ ತಾನಾಗೇ ಎದ್ದು ಕೂತಿರುತ್ತಾನೆ. ಇಸಿಜಿ ತೆಗೆಸಿದರೆ ಸರಿಯಾಗಿದೆ. 'ಬೆಳಗ್ಗೆ ತಿಂಡಿ ತಿಂದಿರಲಿಲ್ಲ, ಅದಕ್ಕೇ ತಲೆಸುತ್ತು ಬಂದಿದೆ' ಅಂತ ಯಾರೋ ಹೇಳುತ್ತಾರೆ. ವಾರದಲ್ಲಿ ಎಲ್ಲರೂ ಮರೆತೂಬಿಡುತ್ತಾರೆ.

ರಿಪೋರ್ಟ್ ಹಿಡಿದವರಿಗೆ ಐವತ್ತೈದು ದಾಟಿದ್ದರೆ ಅವರು ಬಹುಶಃ ಸುಮ್ನೆ ಹೆದರಿದ್ದಾರೆ. ಕಬಡ್ಡಿ ಹುಡುಗನ ಮನೆಯವರು ಮಾತ್ರ ಸ್ವಲ್ಪ ಹೆದರಲೇಬೇಕಿತ್ತು. ಕೊರೊನರಿ ಅಂದರೆ ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳಗಳು. ಇವುಗಳ ಹುಟ್ಟು ವ್ಯತ್ಯಾಸದಲ್ಲಿ ನಾಳ ಎಲ್ಲಿಂದ ಹೊರಟಿದೆ ಅನ್ನುವುದರ ಜೊತೆಗೆ ಯಾವ ದಾರಿ ಹಿಡಿದಿದೆ, ಯಾರ ಎದೆಯಲ್ಲಿದೆ, ಆ ವ್ಯಕ್ತಿಗೆ ಏನಾಗುತ್ತಿದೆ ಅನ್ನುವುದೂ ಅಷ್ಟೇ ಮುಖ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಲೆಕ್ಕ ತಪ್ಪುತ್ತದೆ.

ಮೊದಲು ಸರಿಯಾದ ದಾರಿ ಯಾವುದು ನೋಡೋಣ

ಹೃದಯದ ಕೋಣೆಗಳ ತುಂಬ ರಕ್ತ ಇದ್ದರೂ ಅದರ ದಪ್ಪ ಸ್ನಾಯುವಿಗೆ ಆ ರಕ್ತದಿಂದ ನೇರವಾಗಿ ಸಿಗುವುದು ತೀರಾ ಕಡಿಮೆ. ಸ್ನಾಯುವಿಗೆ ಊಟ ಬರುವುದು ಹೊರಗಡೆಯಿಂದ, ಕೊರೊನರಿ ನಾಳಗಳ ಮೂಲಕ. ಹೃದಯದಿಂದ ಇಡೀ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯ ಬುಡದಲ್ಲಿ ಮೂರು ಸಣ್ಣ ಉಬ್ಬುಗಳಿವೆ. ಎಡ ಉಬ್ಬಿನಿಂದ ಎಡ ಕೊರೊನರಿ ಹೊರಡುತ್ತದೆ, ಬಲ ಉಬ್ಬಿನಿಂದ ಬಲ ಕೊರೊನರಿ. ಹಿಂದಿನ ಉಬ್ಬಿನಿಂದ ಸಾಮಾನ್ಯವಾಗಿ ಏನೂ ಹೊರಡುವುದಿಲ್ಲ. ಎಡ ನಾಳ ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಕವಲಾಗುತ್ತದೆ. ಮುಂಭಾಗಕ್ಕೆ ಇಳಿಯುವುದು ಎಲ್‌ಎಡಿ. ಪಕ್ಕದಿಂದ ಸುತ್ತಿಕೊಂಡು ಹಿಂದೆ ಹೋಗುವುದು ಸರ್ಕಮ್‌ಫ್ಲೆಕ್ಸ್. ದೇಹಕ್ಕೆಲ್ಲ ರಕ್ತ ತಳ್ಳುವ ಎಡ ಕೆಳಕೋಣೆಯ ಬಹುಪಾಲು ಈ ಎಡ ನಾಳವನ್ನೇ ನಂಬಿಕೊಂಡಿದೆ. ಹಾಗಾಗಿ ಎಡ ನಾಳಕ್ಕೆ ಏನಾದರೂ ಆದರೆ ಹಾನಿ ಜಾಸ್ತಿ.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ದೇಹದ ಬೇರೆ ಭಾಗಗಳಿಗೆ ರಕ್ತ ನುಗ್ಗುವುದು ಹೃದಯ ಹಿಂಡಿದಾಗ. ಎಡ ಕೊರೊನರಿಯಲ್ಲಿ ಮಾತ್ರ ಹೆಚ್ಚಿನ ರಕ್ತ ಹರಿಯುವುದು ಹೃದಯ ಸಡಿಲವಾದಾಗ. ಹಿಂಡುವಾಗ ಸ್ನಾಯು ತನ್ನೊಳಗಿನ ಸಣ್ಣ ನಾಳಗಳನ್ನೂ ಒತ್ತಿಬಿಡುತ್ತದೆ, ಅದಕ್ಕೆ. ಓಡುವಾಗ ಹೃದಯಬಡಿತ ಏರಿದಷ್ಟೂ ಈ ಸಡಿಲಾಗುವ ಹೊತ್ತು ಕುಗ್ಗುತ್ತದೆ. ಅಂದರೆ ಹೆಚ್ಚು ರಕ್ತ ಬೇಕಾದಾಗಲೇ ಅದು ಬರಲು ಇರುವ ಸಮಯ ಕಡಿಮೆ. ಆರೋಗ್ಯವಾಗಿರುವ ನಾಳಗಳು ಹಿಗ್ಗಿ ಇದನ್ನು ಸರಿದೂಗಿಸುತ್ತವೆ.

ವ್ಯತ್ಯಾಸ ಎಷ್ಟು ಜನರಲ್ಲಿ ಇರುತ್ತದೆ? ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಆಂಜಿಯೋಗ್ರಾಂ ಮಾಡಿಸಿಕೊಂಡ 1,26,595 ಜನರ ದಾಖಲೆ ತೆಗೆದು ನೋಡಿದ ಅಧ್ಯಯನವೊಂದು 1990ರಲ್ಲಿ ಬಂತು. ನೂರಕ್ಕೆ 1.3 ಮಂದಿಯಲ್ಲಿ ಏನಾದರೊಂದು ವ್ಯತ್ಯಾಸ ಇತ್ತು. ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನಿರುಪದ್ರವಿ. ಎಲ್‌ಎಡಿ ಮತ್ತು ಸರ್ಕಮ್‌ಫ್ಲೆಕ್ಸ್ ಒಟ್ಟಿಗೆ ಹೊರಡುವ ಬದಲು ಬೇರೆ ಬೇರೆ ಬಾಯಿಂದ ಹೊರಡುವುದು ಇಂಥದ್ದು. ಸರ್ಕಮ್‌ಫ್ಲೆಕ್ಸ್ ಬಲಗಡೆಯಿಂದ ಹುಟ್ಟಿ ಮಹಾಪಧಮನಿಯ ಹಿಂದಿನಿಂದ ಬಳಸಿ ತನ್ನ ಜಾಗ ಸೇರುವುದೂ ಇಂಥದ್ದೇ. ಇವರಲ್ಲಿ ಬಹುತೇಕರು ತಮ್ಮೊಳಗೆ ಹೀಗೊಂದಿದೆ ಅಂತ ಗೊತ್ತಿಲ್ಲದೆಯೇ ಬಾಳಿ ಮುಗಿಸುತ್ತಾರೆ.

ತೊಂದರೆ ಇರುವುದು ಉಳಿದ ಆ ಒಂದು ಪಾಲಿನಲ್ಲಿ.

ಎರಡು ದೊಡ್ಡ ನಾಳಗಳ ಮಧ್ಯದ ದಾರಿ

ಎಡ ಕೊರೊನರಿ ತಪ್ಪಿ ಬಲ ಉಬ್ಬಿನಿಂದ ಹುಟ್ಟಿತು ಅಂದುಕೊಳ್ಳಿ. ಅದು ತನ್ನ ಎಡ ಜಾಗಕ್ಕೆ ಹೋಗಿ ಸೇರಲೇಬೇಕು. ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದ ಮುಂದಿನಿಂದ ಸುತ್ತಿ ಹೋಗಬಹುದು. ಮಹಾಪಧಮನಿಯ ಹಿಂದಿನಿಂದ ಹೋಗಬಹುದು. ಕೆಳಗಿಳಿದು, ಎರಡು ಕೆಳಕೋಣೆಗಳ ನಡುವಿನ ಸ್ನಾಯುಗೋಡೆಯೊಳಗೆ ಹಾದು ಆಚೆ ಬರಬಹುದು. ಈ ಮೂರು ದಾರಿಗಳಲ್ಲಿ ಅಪಾಯ ಕಡಿಮೆ. ನಾಲ್ಕನೆಯದು ಮಹಾಪಧಮನಿಗೂ ಶ್ವಾಸಕೋಶದ ನಾಳಕ್ಕೂ ನಡುವಿನ ಸಂದು. ವೈದ್ಯರು ಬೆಚ್ಚುವುದು ಇದನ್ನು ಕಂಡಾಗ.

ಓಡುವಾಗ ಎರಡು ದೊಡ್ಡ ನಾಳಗಳೂ ಹಿಗ್ಗಿ ಮಧ್ಯದ ಸಣ್ಣ ನಾಳವನ್ನು ಜಜ್ಜಿಬಿಡುತ್ತವೆ ಅಂತ ಬಹಳ ಕಡೆ ಬರೆದಿರುತ್ತಾರೆ. ಓದಿದರೆ ಸರಿ ಅನ್ನಿಸುತ್ತದೆ. ಆದರೆ ಶ್ವಾಸಕೋಶದ ನಾಳದಲ್ಲಿ ಒತ್ತಡ ತೀರಾ ಕಡಿಮೆ, ಮಹಾಪಧಮನಿಯ ಐದನೇ ಒಂದು ಭಾಗದಷ್ಟು. ಅದು ಕೊರೊನರಿಯನ್ನು ಅಷ್ಟು ಸುಲಭವಾಗಿ ಒತ್ತಲಾರದು. ರಕ್ತನಾಳದ ಒಳಗೇ ಸಣ್ಣ ಅಲ್ಟ್ರಾಸೌಂಡ್ ತಂತಿ ತೂರಿಸಿ ನೋಡುವುದು ಶುರುವಾದ ಮೇಲೆ ವಿಷಯ ಸ್ಪಷ್ಟವಾಯಿತು. ಇಂಥ ಎಷ್ಟೋ ಜನರಲ್ಲಿ ಕೊರೊನರಿಯ ಮೊದಲ ಭಾಗ ಮಹಾಪಧಮನಿಯ ಹೊರಗೆ ಇರುವುದೇ ಇಲ್ಲ. ಲಂಗದ ಸೊಂಟಪಟ್ಟಿಯೊಳಗೆ ಲಾಡಿ ಓಡಿರುವ ಹಾಗೆ ಮಹಾಪಧಮನಿಯ ಗೋಡೆಯ ಪದರದೊಳಗೇ ಸ್ವಲ್ಪ ದೂರ ಸಾಗಿರುತ್ತದೆ. ಒಳಗಿನ ಒತ್ತಡಕ್ಕೆ ಗೋಡೆ ಹಿಗ್ಗಿದಾಗ ಆ ಭಾಗ ಪಕ್ಕದಿಂದ ಚಪ್ಪಟೆಯಾಗುತ್ತದೆ. ಹುಟ್ಟುವ ಬಾಯಿ ದುಂಡಗಿರುವ ಬದಲು ಸೀಳಿನ ಹಾಗೆ ಕಿರಿದಾಗಿರುವುದೂ ಉಂಟು. ಜೊತೆಗೆ ನಾಳ ಓರೆಯಾಗಿ ಹೊರಟು ಬುಡದಲ್ಲೇ ಚೂಪಾಗಿ ತಿರುಗಿರಬಹುದು. ಕೂತಾಗ ನಿಂತಾಗ ಇದರಿಂದ ಏನೂ ಆಗುವುದಿಲ್ಲ. ಜೋರಾಗಿ ಓಡಿದಾಗ ಮಹಾಪಧಮನಿ ಹಿಗ್ಗುತ್ತದೆ, ಬಡಿತ ಏರುತ್ತದೆ, ರಕ್ತ ಬರುವ ಹೊತ್ತು ಕುಗ್ಗುತ್ತದೆ, ಬೇಡಿಕೆ ನಾಲ್ಕೈದು ಪಟ್ಟಾಗುತ್ತದೆ. ಎಲ್ಲವೂ ಒಂದೇ ಸಲ. ಸ್ನಾಯುವಿಗೆ ರಕ್ತ ಸಾಲದೆ ಲಯ ಕೆಟ್ಟರೆ ಹೃದಯ ನಿಂತುಹೋಗಬಹುದು.

ಇಲ್ಲೊಂದು ವಿಚಿತ್ರ ಇದೆ. ನೂರು ಸಲ ಓಡಿದರೂ ಏನೂ ಆಗದೆ ನೂರೊಂದನೇ ಸಲ ಆಗಬಹುದು. ಯಾಕೆ ಅವತ್ತೇ ಆಯಿತು ಅಂತ ಯಾರೂ ಖಚಿತವಾಗಿ ಹೇಳಲಾರರು. ಬಿಸಿಲು, ಮೈಯಲ್ಲಿ ನೀರು ಕಡಿಮೆಯಾಗಿದ್ದದ್ದು, ಅವತ್ತಿನ ಜೋರು, ಇವೆಲ್ಲ ಸೇರಿರಬಹುದು ಅನ್ನಬಹುದಷ್ಟೇ.

ಬಲ ಕೊರೊನರಿ ಎಡದಿಂದ ಹುಟ್ಟಿ ಇದೇ ಸಂದಿನಲ್ಲಿ ಹೋಗುವುದು ಇದಕ್ಕಿಂತ ಹಲವು ಪಟ್ಟು ಸಾಮಾನ್ಯ. ಮೊದಲು ಹೇಳಿದ ಸಿಟಿ ರಿಪೋರ್ಟಿನಲ್ಲಿ ಇದ್ದದ್ದು ಅದೇ. ಅದರ ಅಪಾಯ ಎಡದ್ದಕ್ಕಿಂತ ತುಂಬಾ ಕಡಿಮೆ. ಎಡ ನಾಳ ಬಲದಿಂದ ಹುಟ್ಟುವುದು ಅಪರೂಪ, ಆದರೆ ಸತ್ತವರ ಲೆಕ್ಕ ತೆಗೆದರೆ ಅದೇ ಮುಂದೆ ಬರುತ್ತದೆ. ಅಮೆರಿಕದ ಸೈನ್ಯಕ್ಕೆ ಹೊಸದಾಗಿ ಸೇರಿದವರಲ್ಲಿ ತರಬೇತಿ ವೇಳೆ ಆದ ಹಠಾತ್ ಸಾವುಗಳನ್ನು 25 ವರ್ಷಗಳಷ್ಟು ಹಿಂದಿನಿಂದ ಜಾಲಾಡಿದ ಅಧ್ಯಯನ 2004ರಲ್ಲಿ ಬಂತು. ಹೃದಯದ ರಚನೆಯಲ್ಲೇ ದೋಷ ಕಂಡ 64 ಸಾವುಗಳಲ್ಲಿ 21ಕ್ಕೆ ಕೊರೊನರಿ ತಪ್ಪಾಗಿ ಹುಟ್ಟಿದ್ದೇ ಕಾರಣ. ಆ 21ರಲ್ಲೂ ಎಡ ನಾಳವೇ ಬಲದಿಂದ ಹುಟ್ಟಿ ಸಂದಿನಲ್ಲಿ ಹಾದಿತ್ತು. ಒಂದು ಸಲವೂ ಬಲ ನಾಳ ಅಲ್ಲ.

ಇದರ ನಡುವೆ ಪೀಟ್ ಮರಾವಿಚ್ ಅಂಥವರೂ ಇದ್ದಾರೆ. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಆಟಗಾರ. ವೃತ್ತಿಪರ ಲೀಗಿನಲ್ಲಿ ಹತ್ತು ಸೀಸನ್ ಆಡಿದವರು. 1988ರ ಜನವರಿ 5ರಂದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಸ್ನೇಹಿತರ ಜೊತೆ ಸುಮ್ನೆ ಆಡುವಾಗ ಕುಸಿದು ತೀರಿಕೊಂಡರು. ವಯಸ್ಸು 40. ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾದದ್ದು, ಅವರಿಗೆ ಎಡ ಕೊರೊನರಿ ನಾಳವೇ ಇರಲಿಲ್ಲ. ಇದ್ದ ಒಂದೇ ನಾಳ ಇಡೀ ಹೃದಯಕ್ಕೆ ರಕ್ತ ಕೊಡುತ್ತಿತ್ತು. ಅಷ್ಟು ವರ್ಷ ಆ ಮಟ್ಟದಲ್ಲಿ ಆಡಿದರೂ ಯಾರಿಗೂ ಸುಳಿವು ಸಿಗಲಿಲ್ಲ ಅನ್ನುವುದೇ ಈ ಕಾಯಿಲೆ ಹೇಗೆ ಅಡಗಿರುತ್ತದೆ ಅನ್ನುವುದಕ್ಕೆ ಸಾಕ್ಷಿ.

ಯಾಕೆ ಸಿಕ್ಕಿಬೀಳುವುದಿಲ್ಲ

ಇಟಲಿಯಲ್ಲಿ ಸ್ಪರ್ಧೆಯಲ್ಲಿ ಆಡುವವರಿಗೆ ಹೃದಯ ತಪಾಸಣೆ ಮಾಡಿಸುವುದು 1982ರಿಂದ ಕಡ್ಡಾಯ. ಇಸಿಜಿಯೂ ಅದರ ಭಾಗ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯಂಥವು ಇದರಲ್ಲಿ ಸಿಗುತ್ತವೆ. ಕೊರೊನರಿಯ ಹುಟ್ಟು ದೋಷ ಮಾತ್ರ ನುಸುಳಿಕೊಳ್ಳುತ್ತದೆ. ಹೀಗೆ ಸತ್ತ 27 ಯುವ ಕ್ರೀಡಾಪಟುಗಳ ಬಗ್ಗೆ ಇಟಲಿ ಮತ್ತು ಅಮೆರಿಕದ ತಜ್ಞರು ಸೇರಿ 2000ದಲ್ಲಿ ಬರೆದರು. ಬದುಕಿದ್ದಾಗ ಇಸಿಜಿ ಆಗಿದ್ದ 9 ಮಂದಿಯಲ್ಲಿ ಒಂಬತ್ತೂ ನಾರ್ಮಲ್. ಟ್ರೆಡ್‌ಮಿಲ್‌ನಂಥ ಪರೀಕ್ಷೆ ಆಗಿದ್ದ 6 ಮಂದಿಯಲ್ಲಿ ಆರೂ ನಾರ್ಮಲ್. ಅವರಲ್ಲಿ ಕೆಲವರಿಗೆ ಮೊದಲೇ ಆಟದ ವೇಳೆ ತಲೆಸುತ್ತೋ ಎದೆನೋವೋ ಬಂದಿತ್ತು. ಯಂತ್ರ ಹಿಡಿಯದ್ದನ್ನು ದೇಹ ಹೇಳಿತ್ತು.

2025ರ ಬೇಸಿಗೆ ಕಳೆದ ಮೇಲೆ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿವಿಯಲ್ಲಿ ದಿನಾ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತದ್ದು ನೆನಪಿರಬಹುದು. ಸಾವು ಅಸಹಜವಾಗಿ ಏರಿಲ್ಲ ಅಂತ ತಜ್ಞರ ಸಮಿತಿ ಹೇಳಿತು. ಆ ಸುದ್ದಿಗೂ ಈ ಲೇಖನದ ಕಾಯಿಲೆಗೂ ಸಂಬಂಧ ಕಟ್ಟಬೇಡಿ. ನಮ್ಮಲ್ಲಿ ಹೃದಯಾಘಾತದ ಬಹುಪಾಲು ಕಾರಣ ಕೊಬ್ಬಿನ ಬ್ಲಾಕ್, ಶುಗರ್, ಬಿಪಿ, ಬೀಡಿ ಸಿಗರೇಟು. ಆದರೆ ಅವತ್ತು ಸಾಲಿನಲ್ಲಿ ನಿಂತ ಯುವಕರು ಇಸಿಜಿ ಮಾಡಿಸಿಕೊಂಡು 'ನಂದು ಕ್ಲಿಯರ್' ಅಂತ ಹೋದರಲ್ಲ, ಆ ಕ್ಲಿಯರ್‌ಗೆ ಇಷ್ಟೇ ಅರ್ಥ ಅಂತ ಗೊತ್ತಿರಬೇಕು. ಹಠಾತ್ ಸಾವುಗಳ ವರದಿ ಮತ್ತು ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುತ್ತೇವೆ ಅಂತ ಆ ಹೊತ್ತಿನಲ್ಲಿ ರಾಜ್ಯ ಸರ್ಕಾರ ಹೇಳಿದ್ದು ನನಗೆ ಮುಖ್ಯ ಅನ್ನಿಸಿತು. ಯುವಕರು ಸತ್ತಾಗ 'ಹಾರ್ಟ್ ಅಟ್ಯಾಕ್' ಅಂತ ಒಂದೇ ಮಾತಿನಲ್ಲಿ ಮುಗಿಸಿ ಮಣ್ಣು ಮಾಡುವ ಕಡೆ ಇಂಥ ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಯಾವಾಗ ಅನುಮಾನ ಪಡಬೇಕು? ಓಡುವಾಗ, ಆಡುವಾಗ, ಈಜುವಾಗ ಎಚ್ಚರ ತಪ್ಪಿದರೆ. ಆಟ ಮುಗಿಸಿ ಸುಸ್ತಾಗಿ ನಿಂತಾಗ, ಪ್ರಾರ್ಥನೆಯ ಸಾಲಿನಲ್ಲಿ ಬಿಸಿಲಿಗೆ ನಿಂತಾಗ, ಸೂಜಿ ನೋಡಿದಾಗ ತಲೆಸುತ್ತುವುದು ಬಹುತೇಕ ಬೇರೆ ವಿಷಯ. ಓಟದ ಮಧ್ಯದಲ್ಲಿ ಬೀಳುವುದು ಹಾಗಲ್ಲ. ಅದನ್ನು ಫಿಟ್ಸ್ ಅಂತಲೋ ಊಟ ಬಿಟ್ಟಿದ್ದಕ್ಕೆ ಅಂತಲೋ ತೀರ್ಮಾನಿಸುವ ಮೊದಲು ಹೃದಯದ ಡಾಕ್ಟರ ಹತ್ತಿರ ಹೋಗಲೇಬೇಕು. ಆಡಿದಾಗಲೆಲ್ಲ ಎದೆ ಹಿಂಡಿದಂತಾಗಿ ನಿಲ್ಲಿಸಿದರೆ ಹೋಗುವುದೂ ಅಷ್ಟೇ. ಹದಿನಾರರ ಹುಡುಗಿಯ ಎದೆನೋವು ಹೃದಯದ್ದಲ್ಲ ಅನ್ನುವುದು ಬಹುತೇಕ ಸಲ ಸರಿಯೇ ಇರಬಹುದು. ಆದರೆ 'ಯಾವಾಗ ಬರುತ್ತೆ?' ಅಂತ ಕೇಳದೆ ಹಾಗನ್ನಬಾರದು.

ಬಿದ್ದವರು ಉಸಿರಾಡದೆ, ಕರೆದರೆ ಓಗೊಡದೆ ಇದ್ದರೆ ನೀರು ಚಿಮುಕಿಸುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿಸಿ, ಎದೆಯ ಮಧ್ಯೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತಬೇಕು. ಶಾಲೆಯ ಪಿಟಿ ಮೇಷ್ಟ್ರಿಗೆ ಇದನ್ನು ಕಲಿಸಿರಬೇಕು.

ಪತ್ತೆ ಹಚ್ಚುವ ಕೆಲಸ

ಮಕ್ಕಳಲ್ಲಿ ಮೊದಲ ಪರೀಕ್ಷೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಸಣಕಲು ಮಕ್ಕಳಲ್ಲಿ ಎರಡೂ ಕೊರೊನರಿಗಳ ಬಾಯಿ ಎಕೋದಲ್ಲೇ ಕಾಣುತ್ತದೆ. ಆದರೆ ಹುಡುಕಿದರೆ ಮಾತ್ರ. ಮಾಮೂಲಿ ಎಕೋದಲ್ಲಿ ಕವಾಟ ನೋಡುತ್ತಾರೆ, ಕೋಣೆಗಳ ಗಾತ್ರ ಅಳೆಯುತ್ತಾರೆ, ಪಂಪಿಂಗ್ ಎಷ್ಟು ಅಂತ ಬರೆಯುತ್ತಾರೆ. ಕೊರೊನರಿ ಎಲ್ಲಿಂದ ಹುಟ್ಟಿದೆ ಅಂತ ಬರೆಯದೇ ಇರುವ ರಿಪೋರ್ಟುಗಳೇ ಜಾಸ್ತಿ. ಆಟದಲ್ಲಿ ಎಚ್ಚರ ತಪ್ಪಿದ ಮಗುವಿನ ಎಕೋಗೆ ಹೋದಾಗ 'ಸಾರ್, ಎರಡೂ ಕೊರೊನರಿ ಎಲ್ಲಿಂದ ಹೊರಟಿವೆ ನೋಡಿ ಬರೆದುಕೊಡಿ' ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಎಕೋದಲ್ಲಿ ಕಾಣದಿದ್ದರೆ, ಅಥವಾ ಕಂಡದ್ದು ಅನುಮಾನ ಹುಟ್ಟಿಸಿದರೆ, ಮುಂದಿನದು ಸಿಟಿ ಆಂಜಿಯೋ. ಕೈಯ ನರಕ್ಕೆ ಡೈ ಹಾಕಿ, ಹೃದಯಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುತ್ತಾರೆ. ಬಡಿತ ಜೋರಾಗಿದ್ದರೆ ಚಿತ್ರ ಮಸುಕಾಗುತ್ತದೆ. ಅದಕ್ಕೇ ಮೊದಲು ಮಾತ್ರೆ ಕೊಟ್ಟು ಬಡಿತ ಇಳಿಸುವುದು. ನಾಳ ಎಲ್ಲಿ ಹುಟ್ಟಿದೆ, ಬಾಯಿ ದುಂಡಗಿದೆಯೋ ಸೀಳೋ, ಯಾವ ದಾರಿ, ಗೋಡೆಯೊಳಗೆ ಎಷ್ಟು ಉದ್ದ ಸಾಗಿದೆ, ಎಲ್ಲ ಇದರಲ್ಲಿ ಗೊತ್ತಾಗುತ್ತದೆ. ವಿಕಿರಣ ಬೇಡ ಅಂದರೆ ಎಂಆರ್‌ಐ ಇದೆ, ಆದರೆ ಸಮಯ ಹಿಡಿಯುತ್ತದೆ, ಚಿಕ್ಕ ಮಕ್ಕಳು ಅಲ್ಲಾಡದೆ ಮಲಗಬೇಕು. ತೊಡೆ ಅಥವಾ ಮಣಿಕಟ್ಟಿನಿಂದ ಮಾಡುವ ಹಳೇ ಆಂಜಿಯೋಗ್ರಾಂ ಬ್ಲಾಕ್ ನೋಡಲು ಒಳ್ಳೆಯದೇ. ಅಕ್ಕಪಕ್ಕದ ಅಂಗಗಳನ್ನು ಅದು ತೋರಿಸುವುದಿಲ್ಲ, ಹಾಗಾಗಿ ದಾರಿ ತಿಳಿಯಲು ಸಿಟಿಯೇ ಮೇಲು.

ಇಷ್ಟಾದರೂ ಅರ್ಧ ಉತ್ತರ ಮಾತ್ರ ಸಿಕ್ಕಿದೆ. ರಚನೆ ಗೊತ್ತಾಯಿತು, ರಕ್ತ ನಿಜವಾಗಿ ಕಡಿಮೆ ಬೀಳುತ್ತಿದೆಯೇ ಅಂತ ಗೊತ್ತಾಗಲಿಲ್ಲ. ಅದಕ್ಕೆ ಹೃದಯಕ್ಕೆ ಶ್ರಮ ಕೊಟ್ಟು ನೋಡಬೇಕು. ಬರೀ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ, ಸಾಲದು. ವ್ಯಾಯಾಮ ಮಾಡಿಸಿ ಅಥವಾ ಡೊಬ್ಯುಟಮಿನ್ ಔಷಧಿ ಹರಿಸಿ ಎಕೋ, ಎಂಆರ್‌ಐ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್ ಮಾಡುತ್ತಾರೆ. ದೊಡ್ಡವರಲ್ಲಿ ಇನ್ನೂ ಅನುಮಾನ ಉಳಿದರೆ ನಾಳದೊಳಗೆ ತಂತಿ ತೂರಿಸಿ ಒತ್ತಡ ಅಳೆಯುತ್ತಾರೆ. ಕೊಬ್ಬಿನ ಬ್ಲಾಕ್ ಅಳೆಯಲು ಕೊಡುವ ಅಡಿನೊಸಿನ್ ಔಷಧಿ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಬಡಿತ ಏರಿಸಿ ಮಹಾಪಧಮನಿಯನ್ನು ಹಿಗ್ಗಿಸುವ ಡೊಬ್ಯುಟಮಿನ್ ಬೇಕು, ಯಾಕೆಂದರೆ ಇಲ್ಲಿನ ಅಡ್ಡಿ ಕಾಯಂ ಅಲ್ಲ, ಓಡಿದಾಗ ಮಾತ್ರ ಬರುವಂಥದ್ದು.

ಆಪರೇಷನ್ ಯಾರಿಗೆ

ಅಮೆರಿಕದ ಹೃದ್ರೋಗ ತಜ್ಞರ ಸಂಘಗಳ 2018ರ ಮಾರ್ಗಸೂಚಿ ಹೆಚ್ಚುಕಡಿಮೆ ಹೀಗೆ ಹೇಳುತ್ತದೆ: ಯಾವ ನಾಳವೇ ಆಗಿರಲಿ, ಅದರಿಂದ ಲಕ್ಷಣ ಬಂದಿದ್ದರೆ ಅಥವಾ ರಕ್ತ ಕಡಿಮೆಯಾಗುವುದು ಪರೀಕ್ಷೆಯಲ್ಲಿ ಕಂಡಿದ್ದರೆ ಆಪರೇಷನ್ ಮಾಡಿ. ಎಡ ನಾಳ ಬಲದಿಂದ ಹುಟ್ಟಿದ್ದರೆ ಲಕ್ಷಣ ಇಲ್ಲದಿದ್ದರೂ ಆಪರೇಷನ್ ಮಾಡುವುದು ಸರಿ. ಬಲ ನಾಳ ಎಡದಿಂದ ಹುಟ್ಟಿದ್ದು, ಲಕ್ಷಣವೂ ಇಲ್ಲ, ಪರೀಕ್ಷೆಯೂ ಸರಿ ಇದೆ ಅಂದರೆ ನೋಡಿಕೊಂಡು ಇರಬಹುದು, ಆಪರೇಷನ್ ಮಾಡಿಸಲೂಬಹುದು. ಈ ಕೊನೆಯ ಗುಂಪಿನಲ್ಲೇ ಜಾಸ್ತಿ ಜನ ಇರುವುದು, ವೈದ್ಯರ ನಡುವೆ ಜಾಸ್ತಿ ವಾದ ನಡೆಯುವುದೂ ಇಲ್ಲೇ.

ವಯಸ್ಸು ಇಲ್ಲಿ ದೊಡ್ಡ ಮಾತು. ಸಾವುಗಳು ಹೆಚ್ಚಾಗಿ ಆಗಿರುವುದು ಮೂವತ್ತೈದರ ಒಳಗಿನವರಲ್ಲಿ, ಅದೂ ಜೋರು ಶ್ರಮದ ವೇಳೆ. ಐವತ್ತೈದರಲ್ಲಿ ಬೇರೆ ಯಾವುದಕ್ಕೋ ಸಿಟಿ ಮಾಡಿಸಿ ಬಲ ನಾಳದ ವ್ಯತ್ಯಾಸ ಗೊತ್ತಾದವರು ಅಷ್ಟು ವರ್ಷ ಬಸ್ ಹಿಂದೆ ಓಡಿದ್ದಾರೆ, ಗದ್ದೆ ಕೆಲಸ ಮಾಡಿದ್ದಾರೆ, ತಿರುಪತಿ ಬೆಟ್ಟ ಹತ್ತಿದ್ದಾರೆ. ಅವರ ಎದೆ ಸೀಳುವುದಕ್ಕೆ ಕಾರಣ ಬಲವಾಗಿರಬೇಕು. ಅವರಿಗೆ ನಿಜವಾಗಿ ಗಮನ ಕೊಡಬೇಕಾದದ್ದು ಬಹುಶಃ ಬಿಪಿ ಮತ್ತು ಶುಗರ್.

ಆಪರೇಷನ್‌ಗಳಲ್ಲಿ ಹೆಚ್ಚು ನಡೆಯುವುದು ಗೋಡೆಯೊಳಗೆ ಸಿಕ್ಕಿಕೊಂಡ ಭಾಗವನ್ನು ಒಳಗಡೆಯಿಂದ ಸೀಳಿ ತೆರೆಯುವುದು. ಆಗ ಸೀಳಿನಂಥ ಬಾಯಿ ಅಗಲವಾಗಿ, ನಾಳ ತನ್ನ ಸರಿಯಾದ ಉಬ್ಬಿನಿಂದಲೇ ಹೊರಟಂತಾಗುತ್ತದೆ. ಮಹಾಪಧಮನಿಯ ಕವಾಟ ಅಲ್ಲೇ ಪಕ್ಕದಲ್ಲಿ ಅಂಟಿಕೊಂಡಿರುವುದರಿಂದ ಅದು ಸೋರದ ಹಾಗೆ ಎಚ್ಚರ ವಹಿಸಬೇಕು. ಗೋಡೆಯೊಳಗಿನ ಭಾಗ ಇಲ್ಲದಿದ್ದರೆ ನಾಳವನ್ನು ಬುಡದಿಂದ ಕತ್ತರಿಸಿ ಸರಿಯಾದ ಜಾಗಕ್ಕೆ ಹೊಲಿಯುವುದುಂಟು. ಬೈಪಾಸ್ ಯಾಕೆ ಬೇಡ ಅಂತ ಹಲವರು ಕೇಳುತ್ತಾರೆ. ವಿಶ್ರಾಂತಿಯಲ್ಲಿ ಮೂಲ ನಾಳದಲ್ಲೇ ರಕ್ತ ಚೆನ್ನಾಗಿ ಹರಿಯುವುದರಿಂದ ಹೊಸದಾಗಿ ಜೋಡಿಸಿದ ನಾಳಕ್ಕೆ ಕೆಲಸ ಇಲ್ಲದೆ ಅದು ಕ್ರಮೇಣ ಮುಚ್ಚಿಹೋಗುತ್ತದೆ. ಹಾಗಾಗಿ ಯುವಕರಲ್ಲಿ ಅದು ಮೊದಲ ಆಯ್ಕೆ ಅಲ್ಲ. ಮಕ್ಕಳಿಗೆ ಸ್ಟೆಂಟ್ ಕೂಡ ವಾಡಿಕೆಯಲ್ಲಿ ಇಲ್ಲ.

ಆಪರೇಷನ್ ಆದ ಮೇಲೆ ಕನಿಷ್ಠ ಮೂರು ತಿಂಗಳು ಕಳೆದು, ಲಕ್ಷಣ ಇಲ್ಲ ಅಂತಾಗಿ, ಶ್ರಮದ ಪರೀಕ್ಷೆಯೂ ಸರಿ ಬಂದರೆ ಸ್ಪರ್ಧೆಯ ಆಟಕ್ಕೂ ಮರಳಬಹುದು. ಆಪರೇಷನ್ ಬೇಡ ಅಂತ ತೀರ್ಮಾನವಾದವರಿಗೆ ಎಷ್ಟು ಶ್ರಮ ಸರಿ ಅಂತ ವೈದ್ಯರು ಬರೆದುಕೊಡಬೇಕು, ಬೇಕಿದ್ದರೆ ಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ. ಏನೂ ಅಪಾಯವಿಲ್ಲದ ವ್ಯತ್ಯಾಸ ಇರುವ ಮಗುವಿಗೂ 'ಇನ್ನು ಆಟವೇ ಬೇಡ' ಅಂತ ಮನೆಯಲ್ಲಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಕೂತ ಮಗುವಿಗೆ ಇಪ್ಪತ್ತು ವರ್ಷ ಕಳೆದ ಮೇಲೆ ಬೇರೆ ದಾರಿಯಿಂದ ಹೃದ್ರೋಗ ಬರಬಹುದು.

ಹಾಲು ಕುಡಿಯುವಾಗ ಬೆವರುವ ಮಗು

ಇದುವರೆಗೆ ಹೇಳಿದ್ದರಲ್ಲಿ ನಾಳ ಮಹಾಪಧಮನಿಯಿಂದಲೇ ಹುಟ್ಟಿತ್ತು, ಜಾಗ ಮಾತ್ರ ತಪ್ಪಿತ್ತು. ಎಡ ಕೊರೊನರಿ ಮಹಾಪಧಮನಿಯನ್ನೇ ಬಿಟ್ಟು ಶ್ವಾಸಕೋಶದ ನಾಳದಿಂದ ಹುಟ್ಟಿಬಿಟ್ಟರೆ? ಸುಮಾರು 3 ಲಕ್ಷ ಹೆರಿಗೆಗೆ ಒಂದು ಮಗುವಿಗೆ ಹೀಗಾಗುತ್ತದೆ. ವೈದ್ಯರು ಇದನ್ನು ಆಲ್ಕಾಪಾ ಅನ್ನುತ್ತಾರೆ. ಬಾಸ್ಟನ್ನಿನ ಬ್ಲಾಂಡ್, ವೈಟ್, ಗಾರ್ಲಂಡ್ ಎಂಬ ಮೂವರು ವೈದ್ಯರು 1933ರಲ್ಲಿ ಮೂರು ತಿಂಗಳ ಮಗುವೊಂದರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದ್ದರಿಂದ ಅವರ ಹೆಸರಿನಲ್ಲೂ ಕರೆಯುತ್ತಾರೆ.

ಹೊಟ್ಟೆಯಲ್ಲಿದ್ದಾಗ ಮಗುವಿಗೆ ಇದರಿಂದ ತೊಂದರೆ ಇಲ್ಲ. ಆಗ ಎರಡೂ ದೊಡ್ಡ ನಾಳಗಳಲ್ಲಿ ಒತ್ತಡ ಸರಿಸಮ. ಹುಟ್ಟಿ ಉಸಿರಾಡಲು ಶುರು ಮಾಡಿದ ಮೇಲೆ ಶ್ವಾಸಕೋಶದ ನಾಳದ ಒತ್ತಡ ವಾರದಿಂದ ವಾರಕ್ಕೆ ಇಳಿಯುತ್ತದೆ. ಅದರಿಂದ ಹುಟ್ಟಿದ ಎಡ ಕೊರೊನರಿಗೆ ಮೊದಲೇ ಆಮ್ಲಜನಕ ಕಡಿಮೆ ಇರುವ ರಕ್ತ, ಈಗ ಒತ್ತಡವೂ ಇಲ್ಲ. ಕೊನೆಗೆ ಹರಿವು ಹಿಮ್ಮುಖವೇ ಆಗುತ್ತದೆ. ಬಲ ಕೊರೊನರಿಯಿಂದ ಸಣ್ಣ ಕವಲುಗಳ ಮೂಲಕ ಎಡಕ್ಕೆ ಬಂದ ಒಳ್ಳೆ ರಕ್ತ ಸ್ನಾಯುವಿಗೆ ಸಿಗುವ ಬದಲು ಶ್ವಾಸಕೋಶದ ನಾಳಕ್ಕೆ ಸೋರಿಹೋಗುತ್ತದೆ. ಎರಡು ತಿಂಗಳ ಮಗುವಿಗೆ ಹೃದಯಾಘಾತ ಆಗುವುದು ಹೀಗೆ.

ಮಗುವಿಗೆ ಹಾಲು ಕುಡಿಯುವುದೇ ದೊಡ್ಡ ಶ್ರಮ. ಎರಡು ಗುಟುಕು ಕುಡಿದು ಬಿಡುತ್ತದೆ, ಹಣೆ ಬೆವರುತ್ತದೆ, ಮುಖ ಬಿಳಚಿಕೊಂಡು ಚೀರುತ್ತದೆ, ತೂಕ ಏರುವುದಿಲ್ಲ. ಮನೆಯಲ್ಲಿ ಹೊಟ್ಟೆನೋವು ಅಂದುಕೊಂಡು ಗ್ರೈಪ್ ವಾಟರ್ ಕುಡಿಸುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಆಸ್ಪತ್ರೆಯಲ್ಲೂ ಮೊದಲು ಕಫ, ನ್ಯುಮೋನಿಯಾ ಅನ್ನಬಹುದು. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡರೆ ಹೃದಯದ ಸ್ನಾಯುವೇ ಸೊರಗಿದೆ ಅನ್ನುವ ತೀರ್ಮಾನಕ್ಕೆ ಬರುವುದುಂಟು. ಅಲ್ಲಿಗೆ ನಿಂತರೆ ಮಗುವನ್ನು ಕಳೆದುಕೊಂಡಂತೆ. ಎಡ ಕೊರೊನರಿ ಎಲ್ಲಿಂದ ಹುಟ್ಟಿದೆ ಅಂತ ಕಣ್ಣಾರೆ ನೋಡದೆ ಎಳೆ ಮಗುವಿಗೆ ಆ ಹಣೆಪಟ್ಟಿ ಹಚ್ಚಬಾರದು. ಓಡುವ ಹುಡುಗನ ಇಸಿಜಿ ಸುಳ್ಳು ಭರವಸೆ ಕೊಟ್ಟರೆ ಇಲ್ಲಿ ಇಸಿಜಿಯೇ ದಾರಿ ತೋರಿಸುತ್ತದೆ. ಹೃದಯಾಘಾತ ಆದ ದೊಡ್ಡವರಲ್ಲಿ ಕಾಣುವಂಥ ಆಳವಾದ ಕ್ಯೂ ಅಲೆಗಳು, ಅಂದರೆ ಗೆರೆ ಕೆಳಕ್ಕೆ ಇಳಿದ ಗುರುತುಗಳು, ಹೃದಯದ ಎಡಬದಿ ತೋರಿಸುವ ಒಂದನೇ ಮತ್ತು ಎವಿಎಲ್ ಅನ್ನುವ ಲೀಡ್‌ಗಳಲ್ಲಿ ಕಾಣುತ್ತವೆ.

ಆಪರೇಷನ್ ಆಗದಿದ್ದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಒಂದು ವರ್ಷ ದಾಟುವುದಿಲ್ಲ. ಮಾಡಿದರೆ? ಈ ವಿಷಯದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಭಾಗ ಇದು. ನಾಳವನ್ನು ಅದರ ಬುಡದ ಸುತ್ತಲಿನ ಗೋಡೆಯ ತುಣುಕಿನ ಸಮೇತ ತೆಗೆದು ಮಹಾಪಧಮನಿಗೆ ಹೊಲಿಯುತ್ತಾರೆ. ಸತ್ತೇಹೋಗಿದೆ ಅನ್ನಿಸಿದ್ದ ಸ್ನಾಯು ಬಹುಪಾಲು ಮಲಗಿರುತ್ತದೆ ಅಷ್ಟೇ. ರಕ್ತ ಸಿಕ್ಕ ಮೇಲೆ ತಿಂಗಳುಗಳಲ್ಲಿ ಅದು ಎದ್ದು ಕೆಲಸ ಶುರು ಮಾಡುತ್ತದೆ. ದೊಡ್ಡವರ ಹೃದಯದಲ್ಲಿ ಇಷ್ಟು ಚೇತರಿಕೆ ಕನಸಿನ ಮಾತು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರ್ಕಾರದ ಜಯದೇವವೂ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಹಳ್ಳಿಯ ಮಕ್ಕಳಿಗೆ ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಒಂದು ದಾರಿ. ಆದರೆ ಆಲ್ಕಾಪಾ ಮಗು ಅಂಗನವಾಡಿ ವಯಸ್ಸಿಗೆ ಕಾಯುವುದಿಲ್ಲ. ಹಾಲು ಕುಡಿಯುವಾಗ ಬೆವರುತ್ತೆ ಅಂತ ತಾಯಿ ಹೇಳಿದಾಗಲೇ ಆಶಾ ಕಾರ್ಯಕರ್ತೆಯೋ ಡಾಕ್ಟರೋ ಕಿವಿಗೊಡಬೇಕು.

ಉಳಿದ ಕೆಲವು

'ಮಯೋಕಾರ್ಡಿಯಲ್ ಬ್ರಿಡ್ಜ್' ಅನ್ನುವ ಸಾಲು ಸಿಟಿ ರಿಪೋರ್ಟಿನಲ್ಲಿ ಎಷ್ಟು ಸಲ ಕಾಣುತ್ತದೆ ಅಂದರೆ ಅದನ್ನು ಅಪರೂಪ ಅನ್ನುವುದೇ ಕಷ್ಟ. ಮೇಲ್ಮೈಯಲ್ಲಿ ಹೋಗಬೇಕಾದ ನಾಳ, ಹೆಚ್ಚಾಗಿ ಎಲ್‌ಎಡಿ, ಸ್ವಲ್ಪ ದೂರ ಸ್ನಾಯುವಿನೊಳಗೆ ಮುಳುಗಿ ಮತ್ತೆ ಮೇಲೆ ಬರುತ್ತದೆ. ಹೃದಯ ಹಿಂಡಿದಾಗ ಆ ಭಾಗ ಒತ್ತಿಕೊಳ್ಳುತ್ತದೆ. ಎಡ ನಾಳದಲ್ಲಿ ರಕ್ತ ಹರಿಯುವುದು ಮುಖ್ಯವಾಗಿ ಸಡಿಲಾದಾಗ ಅಂದೆನಲ್ಲ, ಹಾಗಾಗಿ ಬಹುತೇಕರಿಗೆ ನಷ್ಟವಿಲ್ಲ. ಕೆಲವರಿಗೆ ಮಾತ್ರ ಎದೆನೋವು ಬರುತ್ತದೆ. ಅವರಿಗೆ ಬೀಟಾ ಬ್ಲಾಕರ್ ಒಳ್ಳೆಯದು. ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಇವರಲ್ಲಿ ನೋವು ಹೆಚ್ಚಿಸಬಹುದು, ಅಕ್ಕಪಕ್ಕದವರ ಮಾತ್ರೆ ತಗೊಳ್ಳಬೇಡಿ. ಇದಕ್ಕೆ ಸ್ಟೆಂಟ್ ಹಾಕಬೇಕು ಅಂದರೆ ಇನ್ನೊಬ್ಬ ವೈದ್ಯರನ್ನು ಕೇಳಿ. ಸ್ನಾಯು ಹಿಂಡುವ ಜಾಗದಲ್ಲಿ ಸ್ಟೆಂಟ್ ಮುರಿಯುವುದೂ ಉಂಟು.

ಕೊರೊನರಿ ನೇರ ಹೃದಯದ ಕೋಣೆಗೋ ಶ್ವಾಸಕೋಶದ ನಾಳಕ್ಕೋ ತೂತಾಗಿ ತೆರೆದುಕೊಂಡಿದ್ದರೆ ಅದು ಫಿಸ್ಟುಲಾ. ಸಣ್ಣದಾದರೆ ಬಿಟ್ಟುಬಿಡುತ್ತಾರೆ. ದೊಡ್ಡದನ್ನು ತೊಡೆಯ ನಾಳದಿಂದ ಹೋಗಿ ಕಾಯಿಲ್ ಅಥವಾ ಪ್ಲಗ್ ಇಟ್ಟು ಮುಚ್ಚುತ್ತಾರೆ.

ಹುಟ್ಟಿದ ಮೇಲೆ ಬರುವುದರಲ್ಲಿ ತಂದೆತಾಯಿಗೆ ಗೊತ್ತಿರಬೇಕಾದದ್ದು ಕವಾಸಾಕಿ ಕಾಯಿಲೆ. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ ಇದನ್ನು ವಿವರಿಸಿದರು. ಐದು ದಿನವಾದರೂ ಇಳಿಯದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣು, ಒಡೆದ ಕೆಂಪು ತುಟಿ, ಮೈಮೇಲೆ ದದ್ದು, ಊದಿದ ಕೈಕಾಲು, ಆಮೇಲೆ ಬೆರಳ ತುದಿಯಲ್ಲಿ ಸುಲಿಯುವ ಚರ್ಮ. ಹಾಗೇ ಬಿಟ್ಟರೆ ನಾಲ್ಕರಲ್ಲಿ ಒಂದು ಮಗುವಿಗೆ ಕೊರೊನರಿ ಅಲ್ಲಲ್ಲಿ ಊದಿಕೊಳ್ಳುತ್ತದೆ. ಹತ್ತು ದಿನದೊಳಗೆ ಇಮ್ಯುನೊಗ್ಲೋಬುಲಿನ್ ಡ್ರಿಪ್ ಕೊಟ್ಟರೆ ಅದು ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಊತ 8 ಮಿಲಿಮೀಟರ್ ದಾಟಿದವರಿಗೆ ಆಸ್ಪಿರಿನ್ ಜೊತೆ ರಕ್ತ ತೆಳುವಾಗಿಸುವ ಇನ್ನೊಂದು ಔಷಧಿಯೂ ಬೇಕಾಗುತ್ತದೆ, ವರ್ಷಗಟ್ಟಲೆ.

ರಿಪೋರ್ಟ್ ಕೈಗೆ ಬಂದ ಮೇಲೆ

ಡಾಕ್ಟರ ಹತ್ತಿರ ಹೋದಾಗ ಕೇಳಬೇಕಾದದ್ದು ಇದು ಡೇಂಜರಾ ಅಂತಲ್ಲ. ಯಾವ ನಾಳ, ಎಲ್ಲಿಂದ ಹೊರಟಿದೆ, ದೊಡ್ಡ ನಾಳಗಳ ಮಧ್ಯೆ ಹೋಗಿದೆಯಾ, ಗೋಡೆಯೊಳಗೆ ಸಾಗಿದೆಯಾ, ಶ್ರಮದಲ್ಲಿ ರಕ್ತ ಕಡಿಮೆಯಾಗುತ್ತಾ ಅಂತ ನೋಡಿದ್ದೀರಾ, ಇಷ್ಟು ಕೇಳಿ. ಮಗುವಾದರೆ ಹುಟ್ಟು ಹೃದ್ರೋಗ ನೋಡುವವರನ್ನೇ ಕಾಣಿ. ಬ್ಲಾಕ್ ತೆಗೆಯುವುದರಲ್ಲಿ ಪಳಗಿದವರಿಗೂ ಇಂಥ ಕೇಸು ವರ್ಷಕ್ಕೆ ಒಂದೆರಡು ಸಿಕ್ಕರೆ ಹೆಚ್ಚು.

ನಿರುಪದ್ರವಿ ಅಂತ ಹೇಳಿ ಕಳಿಸಿದರೂ ಸಿಟಿಯ ಸಿಡಿಯನ್ನು ಎಸೆಯಬೇಡಿ. ಮಹಾಪಧಮನಿಯ ಹಿಂದಿನಿಂದ ಬಳಸಿ ಹೋಗುವ ಆ ಸರ್ಕಮ್‌ಫ್ಲೆಕ್ಸ್ ಇದ್ದವರಿಗೆ ಅರವತ್ತು ಎಪ್ಪತ್ತರಲ್ಲಿ ಕವಾಟ ಬದಲಿಸಬೇಕಾಗಿ ಬರಬಹುದು. ಹೊಸ ಕವಾಟದ ಹೊಲಿಗೆ ಬೀಳುವುದು ಆ ನಾಳದ ಪಕ್ಕದಲ್ಲೇ. ಅಲ್ಲೊಂದು ನಾಳ ಇದೆ ಅಂತ ಸರ್ಜನ್‌ಗೆ ಮೊದಲೇ ಗೊತ್ತಿದ್ದರೆ ಸೂಜಿಯನ್ನು ನೋಡಿ ಹಾಕುತ್ತಾರೆ. ಮನೆಯಲ್ಲಿ ಆಧಾರ್, ಪಹಣಿ ಇಡುವ ಫೈಲಿನಲ್ಲೇ ಅದನ್ನೂ ಇಡಿ, ಎಲ್ಲಿದೆ ಅಂತ ಮಕ್ಕಳಿಗೂ ಹೇಳಿರಿ.